ರಾಜಕುಮಾರಿಯ ಖಾತೆ

ದೊಡ್ಡವರ ಪಕ್ಕದಲ್ಲಿ ಕುಳಿತು ಸಲಹೆ ಹೇಳುವುದು ಒಂದು ಕೆಲಸ. ಆ ಸಲಹೆಯನ್ನು ತಾವೇ ಜಾರಿಗೆ ತರುವುದು ಬೇರೆಯೇ ಒಂದು ಕೆಲಸ. ಅಡುಗೆಮನೆ ಬಾಗಿಲಿಗೆ ಒರಗಿ ನಿಂತು "ಸಾರಿಗೆ ಹುಳಿ ಸ್ವಲ್ಪ ಮುಂದಾಯಿತು" ಎನ್ನುವವರಿಗೂ ಒಲೆಯ ಮುಂದೆ ಸೌಟು ಹಿಡಿದು ಬೇಯುವವರಿಗೂ ಎಷ್ಟು ಅಂತರವಿದೆ ಎಂಬುದು ನಮ್ಮಂಥ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲಲ್ಲಿ ನಿಂತವರನ್ನೇ ಕರೆದು "ನಾಳೆಯಿಂದ ನೀವೇ ಮಾಡಿ" ಎಂದು ಸೌಟು ಕೊಟ್ಟರೆ ಏನಾಗುತ್ತದೆ? ನಮ್ಮ ದೇಶದ ಮೊದಲ ಆರೋಗ್ಯ ಮಂತ್ರಿಯ ಕಥೆ ಹೆಚ್ಚು ಕಡಿಮೆ ಅಂಥದು. ಅವರ ಹೆಸರು ರಾಜಕುಮಾರಿ ಅಮೃತ್ ಕೌರ್. ಸುಮಾರು ಹದಿನಾರು ವರ್ಷ ಗಾಂಧೀಜಿಯ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿ, ಪತ್ರ ಬರೆಯುತ್ತ, ಬಂದವರೊಡನೆ ಮಾತನಾಡುತ್ತ, ಸಲಹೆ ಹೇಳುತ್ತ ಇದ್ದವರು. 1947ರ ಆಗಸ್ಟಿನಲ್ಲಿ ನೆಹರೂ ಸಂಪುಟ ರಚಿಸಿದಾಗ ಅಲ್ಲಿ ಇದ್ದ ಏಕೈಕ ಮಹಿಳೆ. ಕೈಗೆ ಬಂದದ್ದು ಆರೋಗ್ಯ ಖಾತೆ. ಹತ್ತು ವರ್ಷ ಅದು ಅವರ ಕೈಯಲ್ಲೇ ಇತ್ತು.

ಇದನ್ನು ಹೆಗ್ಗನಹಳ್ಳಿಯಲ್ಲಿ ಕುಳಿತು ನಾನೇಕೆ ಬರೆಯಬೇಕು ಎಂದು ನೀವು ಕೇಳಬಹುದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ನಮ್ಮ ನೆಂಟರು ಈ ಊರಿನ ಹೆಸರಿಗೆ ತಗುಲಿಹಾಕಿ ನಗುವುದುಂಟು. ನಗಲಿ, ನಮಗೆ ನಮ್ಮ ಊರು ಮುದ್ದು. ಒಂದು ಕಡೆ ಮಾಗಡಿ ರಸ್ತೆ, ಇನ್ನೊಂದು ಕಡೆ ಪೀಣ್ಯದ ಕಾರ್ಖಾನೆಗಳು. ನಡುವೆ ಒತ್ತೊತ್ತಾಗಿ ಕಟ್ಟಿದ ಮನೆಗಳು. ಬೆಳಗಾದರೆ ಗಾರ್ಮೆಂಟ್ಸಿಗೆ ಹೊರಟ ಹೆಣ್ಣುಮಕ್ಕಳ ಸಾಲು. ಅವರ ಚೀಲದಲ್ಲಿ ಊಟದ ಡಬ್ಬಿಯ ಜೊತೆಗೆ ಇ.ಎಸ್.ಐ. ಕಾರ್ಡು ಇರುತ್ತದೆ, ಕಾಯಿಲೆ ಬಿದ್ದರೆ ರಾಜಾಜಿನಗರದ ಆಸ್ಪತ್ರೆಗೆ ಓಡುತ್ತಾರೆ. ಅವರ ಕೂಸುಗಳಿಗೆ ಹುಟ್ಟಿದೊಡನೆ ಬಿ.ಸಿ.ಜಿ. ಸೂಜಿ ಚುಚ್ಚುತ್ತಾರೆ. ಎರಡು ಮಕ್ಕಳಾದ ಮೇಲೆ ಆಪರೇಷನ್ ಮಾಡಿಸಿಕೊಳ್ಳಬೇಕೋ ಬೇಡವೋ ಎಂಬ ಮಾತು ನಲ್ಲಿಯ ಹತ್ತಿರ, ಮೆಟ್ಟಿಲ ಮೇಲೆ ನಡೆಯುತ್ತದೆ. ಇವುಗಳಲ್ಲಿ ಪ್ರತಿಯೊಂದನ್ನೂ ಎಲ್ಲೋ ಯಾರೋ ಒಂದು ಮೇಜಿನ ಮುಂದೆ ಕುಳಿತು ನಿರ್ಧರಿಸಿರುತ್ತಾರೆ. ನಮ್ಮ ಮೈಗೆ ಸಂಬಂಧಿಸಿದ ಇಂಥ ನಿರ್ಧಾರಗಳನ್ನು ಈ ದೇಶದಲ್ಲಿ ಮೊದಲು ತೆಗೆದುಕೊಂಡ ಮಂತ್ರಿ ಒಬ್ಬ ಹೆಂಗಸು. ಆಕೆಯ ಲೆಕ್ಕವನ್ನು ಹೆಂಗಸರಾದ ನಾವೇ ಒಮ್ಮೆ ನೋಡುವುದು ನ್ಯಾಯ. ಇ.ಎಸ್.ಐ. ಮಾತ್ರ ಕಾರ್ಮಿಕ ಖಾತೆಯ ಕೂಸು. 1948ರ ಕಾನೂನು, 1952ರ ಫೆಬ್ರವರಿಯಲ್ಲಿ ಕಾನ್ಪುರದಲ್ಲಿ ಆರಂಭ. ಅದನ್ನು ರಾಜಕುಮಾರಿಯ ಖಾತೆಗೆ ಜಮಾ ಮಾಡುವ ಹಾಗಿಲ್ಲ. ಉಳಿದದ್ದನ್ನು ನೋಡೋಣ.

ರಾಜಕುಮಾರಿ ಎಂಬುದು ಅಪ್ಪ ಅಮ್ಮ ಮುದ್ದಿಗೆ ಇಟ್ಟ ಹೆಸರಲ್ಲ, ನಿಜವಾದ ಬಿರುದು. ತಂದೆ ರಾಜಾ ಹರನಾಮ್ ಸಿಂಗ್ ಪಂಜಾಬಿನ ಕಪೂರ್ತಲಾ ಅರಮನೆಯವರು. ಕ್ರೈಸ್ತ ಧರ್ಮಕ್ಕೆ ಸೇರಿ, ಬಂಗಾಳಿ ಮೂಲದ ಪಾದ್ರಿಯೊಬ್ಬರ ಮಗಳನ್ನು ಮದುವೆಯಾದರು. ಹುಡುಗಿ ಹುಟ್ಟಿದ್ದು ಲಕ್ನೋದಲ್ಲಿ, ಓದಿದ್ದು ಇಂಗ್ಲೆಂಡಿನಲ್ಲಿ. ಟೆನಿಸ್ಸಿನಲ್ಲಿ ಪಳಗಿದ ಕೈ. ಮನೆಗೆ ಬಂದುಹೋಗುತ್ತಿದ್ದ ಗೋಪಾಲಕೃಷ್ಣ ಗೋಖಲೆಯವರ ಮಾತುಗಳಿಂದ ದೇಶದ ಚಿಂತೆ ಹತ್ತಿತು. 1919ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ಆ ಚಿಂತೆಯನ್ನು ಗಟ್ಟಿ ಮಾಡಿತು. ಆದರೂ ತಂದೆ ಬದುಕಿರುವವರೆಗೆ ಮನೆ ಬಿಟ್ಟು ಹೊರಡಲಿಲ್ಲ. ವಯಸ್ಸಾದ ತಂದೆಯನ್ನು ನೋಡಿಕೊಳ್ಳುವ ಮಗಳಾಗಿಯೇ ಉಳಿದರು. ಅರಮನೆಯ ಹೆಣ್ಣಾದರೇನು, ಬಡವರ ಮನೆಯ ಹೆಣ್ಣಾದರೇನು, ಈ ಒಂದು ವಿಷಯದಲ್ಲಿ ಎಲ್ಲರ ಹಣೆಬರಹವೂ ಒಂದೇ ಅನ್ನಿಸುತ್ತದೆ. 1930ರಲ್ಲಿ ತಂದೆ ತೀರಿಕೊಂಡರು. ಆಮೇಲೆ ಅವರನ್ನು ತಡೆಯುವವರಿರಲಿಲ್ಲ. ರೇಷ್ಮೆ ಬಿಟ್ಟು ಖಾದಿ ಉಟ್ಟರು, ಮದುವೆಯಾಗಲಿಲ್ಲ, ಸೆರೆಮನೆ ಕಂಡರು, ಸೇವಾಗ್ರಾಮದ ಮಣ್ಣಿನ ಗುಡಿಸಲಿನಲ್ಲಿ ವಾಸ ಮಾಡಿದರು.

ಗಾಂಧೀಜಿ ಅವರಿಗೆ ಬರೆದ ಪತ್ರಗಳು ಪುಸ್ತಕವಾಗಿವೆ. "ಪೆದ್ದಿ" ಎಂದೋ "ಬಂಡಾಯಗಾರ್ತಿ" ಎಂದೋ ಕರೆದು, ಕೊನೆಗೆ ತಮ್ಮ ಹೆಸರಿನ ಜಾಗದಲ್ಲಿ "ದರೋಡೆಕೋರ" ಎಂದೋ "ದಬ್ಬಾಳಿಕೆಗಾರ" ಎಂದೋ ಸಹಿ ಹಾಕುತ್ತಿದ್ದರಂತೆ ಮುದುಕರು. ಅರಮನೆಯಿಂದ ಒಬ್ಬ ಮಗಳನ್ನು ಕದ್ದು ತಂದ ಸಂತೋಷ ಆ ಸಹಿಯಲ್ಲಿದೆ. ಹಾಗೆಂದು ಈಕೆ ಹೇಳಿದ್ದನ್ನು ಬರೆದುಕೊಳ್ಳುವ ಗುಮಾಸ್ತೆ ಮಾತ್ರ ಆಗಿರಲಿಲ್ಲ. ಅಖಿಲ ಭಾರತ ಮಹಿಳಾ ಸಮ್ಮೇಳನದ ಮುಖಂಡರಲ್ಲಿ ಒಬ್ಬರು. 1927ರಲ್ಲಿ ಹುಟ್ಟಿದ ಆ ಸಂಸ್ಥೆಯ ಮೊದಲ ಸಂಘಟನಾ ಕಾರ್ಯದರ್ಶಿ ಯಾರು ಗೊತ್ತೆ? ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಹೆಂಗಸರಿಗೆ ಓಟು ಬೇಕು, ಆದರೆ ಮೀಸಲು ಕುರ್ಚಿಯ ದಾಕ್ಷಿಣ್ಯ ಬೇಡ, ಗಂಡಸಿಗೆ ಹೇಗೋ ಹಾಗೆಯೇ ವಯಸ್ಸಿಗೆ ಬಂದ ಪ್ರತಿ ಹೆಂಗಸಿಗೂ ಓಟು ಕೊಡಿ ಎಂದು ಅಮೃತ್ ಕೌರ್ ಬ್ರಿಟಿಷರ ಸಮಿತಿಗಳ ಮುಂದೆ ವಾದಿಸಿದರು. ಮುಂದೆ ಸಂವಿಧಾನ ಸಭೆಯಲ್ಲಿ ಮೂಲಭೂತ ಹಕ್ಕುಗಳ ಉಪಸಮಿತಿಯಲ್ಲಿ ಹಂಸಾ ಮೆಹ್ತಾ ಅವರೊಡನೆ ಕುಳಿತದ್ದೂ ಇದೇ ನಿಷ್ಠುರದ ಹೆಂಗಸು.

ಸ್ವಾತಂತ್ರ್ಯ ಬಂದಾಗ ಈ ಗೆಳತಿಯರು ಬೇರೆ ಬೇರೆ ದಾರಿ ಹಿಡಿದರು. ಕಮಲಾದೇವಿ ಅಧಿಕಾರದ ಕುರ್ಚಿ ಬೇಡವೆಂದು ನಿರಾಶ್ರಿತರ ಶಿಬಿರ, ಸಹಕಾರ ಸಂಘ, ಕೈಮಗ್ಗ, ಕರಕುಶಲ ಎಂದು ಹೊರಗೇ ಉಳಿದರು. ಅಮೃತ್ ಕೌರ್ ಒಳಗೆ ಹೋದರು. ಯಾರು ಮಾಡಿದ್ದು ಸರಿ ಎಂದು ತೀರ್ಪು ಕೊಡುವುದು ಕಷ್ಟ. ಹೊರಗಿದ್ದವರ ಮಾತು ಹಗುರವಾಗಿ ಓಡಾಡುತ್ತದೆ. ಒಳಗೆ ಹೋದವರ ಒಂದು ಸಹಿಯಿಂದ ಲಕ್ಷಾಂತರ ಮನೆಗಳಿಗೆ ಔಷಧ ಹೋಗುತ್ತದೆ, ಅಥವಾ ಹೋಗದೆ ಉಳಿಯುತ್ತದೆ.

ಮೊದಲು ಹೋದದ್ದನ್ನು ಹೇಳುತ್ತೇನೆ. ಆ ಕಾಲದ ನಮ್ಮ ದೇಶದ ಸ್ಥಿತಿ ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಸರಾಸರಿ ಆಯುಷ್ಯ ಸುಮಾರು 32 ವರ್ಷ. ಮಲೇರಿಯಾ ಒಂದೇ ವರ್ಷಕ್ಕೆ ಏಳೂವರೆ ಕೋಟಿ ಜನರನ್ನು ಹಿಡಿಯುತ್ತಿತ್ತು, ಎಂಟು ಲಕ್ಷ ಜನರನ್ನು ಕೊಲ್ಲುತ್ತಿತ್ತು ಎಂದು ಅಂದಾಜು. ನಮ್ಮ ಮಲೆನಾಡಿಗೆ ಹೆಣ್ಣು ಕೊಡಲು ಬಯಲುಸೀಮೆಯವರು ಹೆದರುತ್ತಿದ್ದುದು ಸುಮ್ಮನೆ ಅಲ್ಲ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆದರು. 1961ರ ಹೊತ್ತಿಗೆ ದೇಶದಲ್ಲಿ ದಾಖಲಾದ ಪ್ರಕರಣಗಳು ಐವತ್ತು ಸಾವಿರದ ಸುತ್ತಮುತ್ತ ಇಳಿದವು. ಆಮೇಲೆ ಗಮನ ಸಡಿಲವಾಯಿತು, ಸೊಳ್ಳೆ ಡಿ.ಡಿ.ಟಿ.ಗೆ ಒಗ್ಗಿಕೊಂಡಿತು, 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿತು. ಆದರೂ ಮಲೆನಾಡಿನಲ್ಲಿ ಜನ ಮೊದಲಿಗಿಂತ ನೆಮ್ಮದಿಯಾಗಿ ಉಸಿರಾಡಿದ್ದು ಆ ಹತ್ತು ವರ್ಷಗಳ ಕೆಲಸದಿಂದ.

ಇನ್ನು ಕ್ಷಯ. ಹೆಸರು ಹೇಳಿದರೆ ಹೆಣ್ಣಿನ ಮದುವೆ ಮುರಿದುಬೀಳುತ್ತಿದ್ದ ಕಾಯಿಲೆ ಅದು. 1948ರಲ್ಲಿ ಮದನಪಲ್ಲಿಯಲ್ಲಿ ಬಿ.ಸಿ.ಜಿ. ಲಸಿಕೆ ಆರಂಭವಾಯಿತು. 1951ರಿಂದ ಅದು ದೇಶದ ತುಂಬ ಹರಡಿದ ದೊಡ್ಡ ಆಂದೋಲನವಾಯಿತು. 1955ರಲ್ಲಿ ಇದನ್ನು ವಿರೋಧಿಸಿ ಪುಸ್ತಕವನ್ನೇ ಬರೆದವರು ಚಕ್ರವರ್ತಿ ರಾಜಗೋಪಾಲಾಚಾರಿ. ಅವರೂ ಗಾಂಧೀಜಿಯ ಆಪ್ತರೇ, ಒಂದು ಕಾಲಕ್ಕೆ ದೇಶದ ಗವರ್ನರ್ ಜನರಲ್ ಆಗಿದ್ದವರು. ಆರೋಗ್ಯವಾಗಿರುವ ಮಗುವಿಗೆ ರೋಗದ ಕ್ರಿಮಿಯಿಂದ ಮಾಡಿದ ಮದ್ದು ಚುಚ್ಚುವುದೇ ಎಂಬುದು ಅವರ ಆಕ್ಷೇಪ. ಸ್ವತಃ ಗಾಂಧೀಜಿಗೂ ಲಸಿಕೆಗಳ ಬಗ್ಗೆ ಒಲವಿರಲಿಲ್ಲ. ಹಾಗಿರುವಾಗ ಅವರ ಶಿಷ್ಯೆ ಏನು ಮಾಡಬೇಕು? ರಾಜಕುಮಾರಿ ಇಲ್ಲಿ ಗುರುವಿನ ಮಾತಿಗೆ ಜೋತುಬೀಳಲಿಲ್ಲ. ವೈದ್ಯರ ಮಾತು ಕೇಳಿದರು, ಆಂದೋಲನ ನಿಲ್ಲಿಸಲಿಲ್ಲ. ಮುಂದೆ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಿಂದ ನಡೆದ ದೊಡ್ಡ ಪರೀಕ್ಷೆ, ದೊಡ್ಡವರಿಗೆ ಬರುವ ಶ್ವಾಸಕೋಶದ ಕ್ಷಯವನ್ನು ಬಿ.ಸಿ.ಜಿ. ತಡೆಯುವುದಿಲ್ಲ ಎಂದು ತೋರಿಸಿತು. ಆದರೆ ಎಳೆಯ ಮಕ್ಕಳ ಮೆದುಳಿಗೆ ಏರುವ ಕ್ಷಯದಿಂದ ಅದು ಕಾಪಾಡುತ್ತದೆ. ಹಾಗಾಗಿಯೇ ಇವತ್ತಿಗೂ ಹುಟ್ಟಿದ ಕೂಸಿಗೆ ಆ ಸೂಜಿ. ನಮ್ಮಲ್ಲಿ ಎಷ್ಟೋ ಜನರ ಎಡತೋಳಿನ ಮೇಲೆ ಹೊಳೆಯುವ ಕಾಸಿನಗಲದ ಕಲೆ ಆ ಹಟದ ಗುರುತು.

ಬೆಂಗಳೂರಿಗೂ ಅವರ ಖಾತೆಯಿಂದ ಒಂದು ಪಾಲು ಬಂತು. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಲಕ್ಕಸಂದ್ರದ ಹತ್ತಿರ ಮೊದಲೇ ಇತ್ತು. ಡಾ. ಎಂ. ವಿ. ಗೋವಿಂದಸ್ವಾಮಿ ಅದನ್ನು ಹೆಸರಾಂತ ಆಸ್ಪತ್ರೆಯಾಗಿ ಬೆಳೆಸಿದ್ದರು. ಮನಸ್ಸಿನ ಕಾಯಿಲೆಗೆ ದೇಶಮಟ್ಟದ ಒಂದು ತರಬೇತಿ ಸಂಸ್ಥೆ ಬೇಕೆಂದು ಭೋರ್ ಸಮಿತಿ 1946ರಲ್ಲಿ ಹೇಳಿತ್ತು. 1954ರಲ್ಲಿ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆಯಿತು, ಗೋವಿಂದಸ್ವಾಮಿಯವರೇ ನಿರ್ದೇಶಕರು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ದೆವ್ವ ಹಿಡಿದಿದೆ ಎಂದು ಹೆಣ್ಣುಮಕ್ಕಳನ್ನು ಬೇವಿನ ಬರಲಿನಿಂದ ಬಡಿಯುತ್ತಿದ್ದ ಕಾಲದಲ್ಲಿ, ಇದು ಕಾಯಿಲೆ, ಇದಕ್ಕೂ ದಾದಿಯರಿದ್ದಾರೆ, ವೈದ್ಯರಿದ್ದಾರೆ ಎಂದು ಹೇಳುವ ಒಂದು ಕಟ್ಟಡ ನಮ್ಮ ಊರಿನಲ್ಲಿ ಎದ್ದು ನಿಂತಿತು.

ಅವರ ಹೆಸರನ್ನು ಇಂದಿಗೂ ಉಳಿಸಿರುವುದು ದೆಹಲಿಯ ಏಮ್ಸ್ ಆಸ್ಪತ್ರೆ. ಅದರ ಮಸೂದೆಯನ್ನು 1956ರ ಫೆಬ್ರವರಿ 18ರಂದು ಲೋಕಸಭೆಯಲ್ಲಿ ಮಂಡಿಸಿದರು. ದುಡ್ಡಿಗಾಗಿ ಹೊರದೇಶಗಳ ಬಾಗಿಲು ಬಡಿದರು. ನ್ಯೂಜಿಲೆಂಡಿನಂಥ ಚಿಕ್ಕ ದೇಶ ಹತ್ತು ಲಕ್ಷ ಪೌಂಡ್ ಕೊಟ್ಟಿತು. ದೊಡ್ಡವರ ಶಿಫಾರಸಿನ ಕಾಟ ತಗುಲದಂತೆ ಆ ಸಂಸ್ಥೆಗೆ ಕಾನೂನಿನಲ್ಲೇ ಸ್ವಾಯತ್ತತೆ ಕೊಡಿಸಿದರು. ಶಿಮ್ಲಾದಲ್ಲಿದ್ದ ತಮ್ಮ ಸ್ವಂತ ಮನೆ ಮನೋರ್‌ವಿಲ್ ಅನ್ನು, ಗಾಂಧೀಜಿ ಬಂದು ಇಳಿದುಕೊಳ್ಳುತ್ತಿದ್ದ ಮನೆಯನ್ನು, ಆ ಸಂಸ್ಥೆಯ ದಾದಿಯರು ಮತ್ತು ಸಿಬ್ಬಂದಿ ರಜೆಯಲ್ಲಿ ಹೋಗಿ ವಿಶ್ರಾಂತಿ ಪಡೆಯಲೆಂದು ಬಿಟ್ಟುಕೊಟ್ಟರು. ಇದನ್ನು ಓದಿದಾಗ ನನಗೆ ನಿಜವಾಗಿ ಮನಸ್ಸು ತುಂಬಿತು. ರಾತ್ರಿಯೆಲ್ಲ ರೋಗಿಯ ಪಕ್ಕ ನಿಂತು ಕಾಲು ಊದಿಸಿಕೊಳ್ಳುವ ದಾದಿಗೂ ಒಂದು ತಂಪು ಬೆಟ್ಟದ ಮನೆ ಬೇಕು ಎಂದು ಎಷ್ಟು ಮಂತ್ರಿಗಳಿಗೆ ಹೊಳೆದೀತು?

ಇಷ್ಟು ಜಮಾ. ಖರ್ಚಿನ ಪುಟವನ್ನೂ ತಿರುವಬೇಕು. ಅದು ನಮ್ಮ ಪಕ್ಕದ ರಾಮನಗರದಲ್ಲಿದೆ.

ಸಂತಾನ ನಿಯಂತ್ರಣ ಎಂಬ ಮಾತು ಮೈಸೂರಿಗೆ ಹೊಸದಾಗಿರಲಿಲ್ಲ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆಜ್ಞೆ ಮಾಡಿತ್ತು. ಲೋಕದಲ್ಲಿ ಸರ್ಕಾರವೊಂದು ಹೀಗೆ ಮಾಡಿದ್ದು ಅದೇ ಮೊದಲು ಎನ್ನುತ್ತಾರೆ. ಮಹಿಳಾ ಸಮ್ಮೇಳನವೂ ಮೂವತ್ತರ ದಶಕದಲ್ಲಿ ಇದರ ಪರವಾಗಿ ನಿರ್ಣಯ ಮಾಡಿತ್ತು. ಆದರೆ ಗಾಂಧೀಜಿ ಒಪ್ಪಲಿಲ್ಲ. 1935ರ ಡಿಸೆಂಬರಿನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಅವರೊಡನೆ ವಾದ ಮಾಡಿದರು. ಸಾಧನಗಳು ಬೇಡ, ಗಂಡ ಹೆಂಡತಿ ಸಂಯಮದಿಂದ ಇರಲಿ ಎಂದು ಗಾಂಧೀಜಿ ಪಟ್ಟು ಹಿಡಿದರು. ಕೊನೆಗೆ, ತಿಂಗಳಲ್ಲಿ ಕೆಲವು ದಿನಗಳನ್ನು ಬಿಟ್ಟು ಇರುವ ವಿಧಾನದಲ್ಲಿ ಸ್ವಲ್ಪವಾದರೂ ಸಂಯಮ ಇದೆಯಲ್ಲ ಎಂದು ಅಷ್ಟಕ್ಕೆ ಮಾತ್ರ ಮೆತ್ತಗಾದರು.

ಮುದುಕರು ಆಶ್ರಮದಲ್ಲಿ ಕುಳಿತು ಆಡಿದ ಆ ಒಂದು ರಿಯಾಯಿತಿಯ ಮಾತು ಹದಿನೈದು ವರ್ಷಗಳ ಮೇಲೆ ಭಾರತ ಸರ್ಕಾರದ ನೀತಿಯಾಯಿತು. ಶಿಷ್ಯೆ ಈಗ ಮಂತ್ರಿ. ಲಸಿಕೆಯ ವಿಷಯದಲ್ಲಿ ಗುರುವನ್ನು ಮೀರಿದವರು ಇಲ್ಲಿ ಮೀರಲಿಲ್ಲ. ಅತ್ತ ಹುಬ್ಬಳ್ಳಿಯಲ್ಲಿ ಹುಟ್ಟಿದ ಧನವಂತಿ ರಾಮರಾವ್, ಮಹಿಳಾ ಸಮ್ಮೇಳನದಲ್ಲಿ ಇವರ ಜೊತೆಗಾತಿ, 1949ರಲ್ಲಿ ಮುಂಬಯಿಯಲ್ಲಿ ಭಾರತ ಕುಟುಂಬ ಯೋಜನಾ ಸಂಘ ಕಟ್ಟಿ, ಹೆಂಗಸರ ಕೈಗೆ ಸಾಧನ ಕೊಡಿ ಎಂದು ಸರ್ಕಾರದ ಬೆನ್ನು ಹತ್ತಿದರು. ಯೋಜನಾ ಆಯೋಗ ಒಪ್ಪಿತು. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ಇಟ್ಟರು. ಸರ್ಕಾರವೇ ಕುಟುಂಬ ಯೋಜನೆ ಕೈಗೊಂಡ ಮೊದಲ ದೇಶ ನಮ್ಮದು ಎಂದು ಹೆಸರಾಯಿತು. ಹೆಸರಾಯಿತು, ದುಡ್ಡು ಮಾತ್ರ ಬಹುಪಾಲು ಪೆಟ್ಟಿಗೆಯಲ್ಲೇ ಉಳಿಯಿತು.

ಮಂತ್ರಿಗಳು ಒಪ್ಪಿದ್ದು ದಿನ ಎಣಿಸುವ ವಿಧಾನ ಒಂದನ್ನೇ. ವಿಶ್ವ ಆರೋಗ್ಯ ಸಂಸ್ಥೆಯನ್ನು ಸಹಾಯಕ್ಕೆ ಕರೆದರು. ಕ್ಯಾಥೊಲಿಕ್ ದೇಶಗಳ ವಿರೋಧಕ್ಕೆ ಹೆದರಿದ್ದ ಆ ಸಂಸ್ಥೆಗೂ ಬೇಕಾದದ್ದು ಇಷ್ಟೇ. ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಬಂದರು. ಪ್ರಯೋಗಕ್ಕೆ ಆರಿಸಿದ್ದು ಎರಡು ಜಾಗ, ದೆಹಲಿಯ ಲೋಧಿ ಕಾಲೋನಿ ಮತ್ತು ನಮ್ಮ ರಾಮನಗರ. ಆಮೇಲೆ "ಶೋಲೆ" ಚಿತ್ರದಿಂದ ಹೆಸರಾದ ಆ ಬಂಡೆಗಳ ಊರು, ರೇಷ್ಮೆಗೂಡಿನ ಊರು. 1952ರ ಸುಮಾರಿಗೆ ಅಲ್ಲಿನ ಹೆಂಗಸರಿಗೆ ಕ್ಯಾಲೆಂಡರ್ ಓದಲು ಬಾರದೆಂದು ಬಣ್ಣಬಣ್ಣದ ಮಣಿಸರಗಳನ್ನು ಕೊಟ್ಟರು. ಮುಟ್ಟಾದ ದಿನದಿಂದ ದಿನಕ್ಕೊಂದು ಮಣಿ ಸರಿಸುತ್ತ ಹೋಗಬೇಕು. ಒಂದು ಬಣ್ಣದ ಮಣಿ ಬಂದರೆ ಗಂಡನಿಂದ ದೂರ ಇರಬೇಕು, ಇನ್ನೊಂದು ಬಣ್ಣದ್ದು ಬಂದರೆ ಭಯವಿಲ್ಲ.

ಹೆಂಗಸರು ಆಸಕ್ತಿ ತೋರಲಿಲ್ಲ ಎನ್ನುವ ಹಾಗಿಲ್ಲ. ಹೇಳಿಕೊಡಿ, ಕಲಿಯುತ್ತೇವೆ ಎಂದವರೇ ಬಹಳ. ಮಕ್ಕಳು ಸಾಕು ಎಂಬುದು ಓದುಬರಹ ಬಾರದ ಹೆಂಗಸಿಗೂ ಗೊತ್ತಿತ್ತು. ಆದರೆ ಕೊನೆಯವರೆಗೆ ಸರಿಯಾಗಿ ಪಾಲಿಸಿದವರು ಬೆರಳೆಣಿಕೆಯಷ್ಟು. ಎಲ್ಲರ ಮುಟ್ಟೂ ಗಡಿಯಾರದಂತೆ ಬರುವುದಿಲ್ಲ. ಮೊಲೆಹಾಲು ಕೊಡುವ ತಾಯಿಗೆ ತಿಂಗಳ ಲೆಕ್ಕವೇ ಸಿಗುವುದಿಲ್ಲ. ಮಣಿ ಸರಿಸುವುದು ಮರೆತುಹೋಗುತ್ತದೆ. ಪ್ರಯೋಗ ಸೋತಿತು, ಮಣಿಸರಗಳು ಹಾಸ್ಯದ ವಸ್ತುವಾದವು.

ನನ್ನ ಅತ್ತೆ ಮಾಗಡಿ ಕಡೆಯವರು. ಏಳು ಹೆತ್ತು ಐದು ಉಳಿಸಿಕೊಂಡವರು. ಆ ಮಣಿಸರವನ್ನು ಅವರು ಕಂಡವರಲ್ಲ. ಒಂದು ಸಲ ಅವರೆಕಾಯಿ ಸುಲಿಯುತ್ತ ಕುಳಿತಿದ್ದಾಗ, ರಾಮನಗರದಲ್ಲಿ ಹೀಗೊಂದು ನಡೆದಿತ್ತಂತೆ ಎಂದು ಅವರಿಗೆ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ಆಮೇಲೆ ಕಾಯಿ ಬಿಡಿಸುವುದನ್ನು ನಿಲ್ಲಿಸಿ, "ಮಣಿ ತಳ್ಳೋದು ನಮ್ಮ ಕೈಲಿತ್ತು ಕಣಮ್ಮ, ಮಿಕ್ಕಿದ್ದು ನಮ್ಮ ಕೈಲಿತ್ತಾ?" ಎಂದರು. ನಾನು ಓದಿದ ಯಾವ ವಿದ್ವಾಂಸರೂ ಇಷ್ಟು ಚೆನ್ನಾಗಿ ವಿಷಯವನ್ನು ಹೇಳಿಲ್ಲ. ಸಂಯಮ ಇಬ್ಬರ ಕೆಲಸ. ಸರ ಕೊಟ್ಟದ್ದು ಒಬ್ಬರ ಕೊರಳಿಗೆ.

ಮದುವೆಯಾಗದ ಅರಮನೆಯ ಹೆಂಗಸಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು ಎಂದು ಕೆಲವರು ಮೂಗು ಮುರಿಯುತ್ತಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಬಾಣಂತಿಯರ ಸಾವು, ಸೂಲಗಿತ್ತಿಯರ ತರಬೇತಿ, ಮಕ್ಕಳ ಕಲ್ಯಾಣ ಇವೆಲ್ಲ ಮದುವೆಯಾಗದೆಯೇ ಅವರಿಗೆ ಅರ್ಥವಾಗಿದ್ದವು. ಹೆರದ ಹೆಂಗಸು ಮಕ್ಕಳ ಸಂಕಟ ಅರಿಯಬಲ್ಲಳು, ಗಂಡಸೂ ಅರಿಯಬಲ್ಲ, ಮನಸ್ಸಿದ್ದರೆ. ಇಲ್ಲಿ ಅಡ್ಡ ಬಂದದ್ದು ಬೇರೆ. ಒಬ್ಬ ಮಹಾತ್ಮ ತನ್ನ ಬದುಕಿಗೆ ಹಾಕಿಕೊಂಡ ವ್ರತವನ್ನು ಅವರು ದೇಶದ ಹೆಂಗಸರಿಗೆಲ್ಲ ಔಷಧವೆಂದು ಬರೆದುಕೊಟ್ಟರು. ವ್ರತ ಹಿಡಿದವರಿಗೆ ಅದನ್ನು ಬಿಡುವ ಸ್ವಾತಂತ್ರ್ಯ ಇರುತ್ತದೆ. ರಾಮನಗರದ ಹೆಂಗಸಿಗೆ ಅದನ್ನು ಬಿಟ್ಟರೆ ಸಿಗುವುದು ಇನ್ನೊಂದು ಬಸಿರು. ಆಶ್ರಮದಲ್ಲಿ ಸಲಹೆ ಹೇಳುವಾಗ ಈ ಅಂತರ ಕಾಣುವುದಿಲ್ಲ. ಖಾತೆ ಕೈಗೆ ಬಂದ ಮೇಲೆ ಕಾಣಬೇಕಿತ್ತು.

1957ರ ಚುನಾವಣೆಯ ನಂತರ ಅವರು ಸಂಪುಟದಲ್ಲಿ ಇರಲಿಲ್ಲ. ಆರೋಗ್ಯ ಖಾತೆ ಬಂದದ್ದು ನಮ್ಮ ಧಾರವಾಡದ ಕಡೆಯ ಲೋಕಸಭಾ ಸದಸ್ಯ ಡಿ. ಪಿ. ಕರಮರಕರ್ ಅವರಿಗೆ. ಅವರ ಕಾಲದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು, 1960ರ ಸೆಪ್ಟೆಂಬರಿನಲ್ಲಿ ನೆಹರೂ ಉದ್ಘಾಟಿಸಿದರು. ಆ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕ್ಷಯದ ರೋಗಿಗಳನ್ನು ಮಾತನಾಡಿಸಿದರು. ಹಳ್ಳಿಯವರು ಮೂಢರು, ಕಾಯಿಲೆ ಬಂದರೂ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆವರೆಗಿನ ನಂಬಿಕೆ. ಇವರಿಗೆ ಕಂಡದ್ದು ಬೇರೆ. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಮೊದಲೇ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದರು. ಒಂದು ಸೀಸೆ ಕೆಮ್ಮಿನ ಔಷಧಿ ಹಿಡಿಸಿ ವಾಪಸು ಕಳಿಸಿದ್ದರು. 1962ರಲ್ಲಿ ಬಂದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಇಂಥ ಅರಿವಿನ ಮೇಲೆ ನಿಂತದ್ದು. ಕೇಳದೆ ಕೊಟ್ಟ ಮಣಿಸರಕ್ಕೂ, ಕೇಳಿ ತಿಳಿದು ರೂಪಿಸಿದ ಈ ಕಾರ್ಯಕ್ರಮಕ್ಕೂ ನಡುವೆ ಇರುವುದು ಹತ್ತು ವರ್ಷ, ರಾಮನಗರದಿಂದ ತುಮಕೂರಿಗೆ ಇರುವಷ್ಟು ದಾರಿ.

1962ರಲ್ಲಿ ಮತ್ತೆ ಗಾಂಧೀಜಿಯ ಬಳಿಯಿಂದಲೇ ಒಬ್ಬರು ಆರೋಗ್ಯ ಮಂತ್ರಿಯಾದರು. ಅವರ ವೈದ್ಯೆಯಾಗಿದ್ದ ಡಾ. ಸುಶೀಲಾ ನಾಯರ್. ಸಂಯಮದ ಮೇಲೆ ಅವರಿಗೂ ನಂಬಿಕೆಯೇ. ಅಷ್ಟು ಹೊತ್ತಿಗೆ ಕಾಲ ಕಾಯುವ ಸ್ಥಿತಿಯಲ್ಲಿರಲಿಲ್ಲ. 1965ರಲ್ಲಿ ಲೂಪ್ ಬಂತು, ಕೆಂಪು ತ್ರಿಕೋನ ಗೋಡೆಗಳ ಮೇಲೆ ಮೂಡಿತು. ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ, ಬಹುಪಾಲು ಗಂಡಸರಿಗೆ, ಆಪರೇಷನ್ ಮಾಡಿದರು. ಎಷ್ಟೋ ಕಡೆ ಬಲವಂತದಿಂದ. ಮೊದಲು ಏನನ್ನೂ ಕೊಡಲಿಲ್ಲ, ಆಮೇಲೆ ಬೇಡವೆಂದರೂ ಬಿಡಲಿಲ್ಲ. ಆ ಬಲವಂತಕ್ಕೆ ಹೆದರಿದ ಗಂಡಸರು ಅಂದು ಹಿಂದೆ ಸರಿದವರು ಮತ್ತೆ ಮುಂದೆ ಬರಲೇ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ: ದೇಶದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 38 ಮಂದಿ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡ ಮಾಡಿಸಿಕೊಂಡ ಮನೆಗಳು ನೂರಕ್ಕೆ ಒಂದೂ ಇಲ್ಲ, 0.3 ಮಾತ್ರ. ನಮ್ಮ ಅತ್ತೆಯ ಪ್ರಶ್ನೆಗೆ ದೇಶ ಕೊಟ್ಟ ಉತ್ತರ ಇದು. ಮಣಿ ಹೋಯಿತು, ಹೊಲಿಗೆ ಬಂತು. ಎರಡೂ ನಮ್ಮ ಪಾಲಿಗೇ.

ಹೀಗೆಂದು ರಾಜಕುಮಾರಿಯ ಖಾತೆಯನ್ನು ನಷ್ಟ ಎಂದು ಬರೆದು ಮುಚ್ಚಲು ನನಗೆ ಮನಸ್ಸಿಲ್ಲ. 1950ರಲ್ಲಿ ವಿಶ್ವ ಆರೋಗ್ಯ ಸಭೆಯ ಅಧ್ಯಕ್ಷೆಯಾಗಿ ಜಗತ್ತಿನ ವೈದ್ಯರ ಮುಂದೆ ಕುಳಿತ ಮೊದಲ ಹೆಂಗಸು ಅವರು. ರೆಡ್ ಕ್ರಾಸ್, ಮಕ್ಕಳ ಕಲ್ಯಾಣ, ದಾದಿಯರ ಶಿಕ್ಷಣ ಎಂದು ಕೊನೆಯವರೆಗೂ ದುಡಿದರು. ದೆಹಲಿಯ ಸರ್ಕಾರಿ ನರ್ಸಿಂಗ್ ಕಾಲೇಜಿಗೆ ಅವರದೇ ಹೆಸರಿದೆ. 1964ರ ಫೆಬ್ರವರಿಯಲ್ಲಿ ತೀರಿಕೊಂಡಾಗ ರಾಜ್ಯಸಭೆಯ ಸದಸ್ಯೆಯಾಗಿದ್ದರು. ಅರಮನೆಯಲ್ಲಿ ಹುಟ್ಟಿ ಕೈಯಲ್ಲಿದ್ದುದನ್ನೆಲ್ಲ ಕೊಟ್ಟು ಹೋದವರು. ಆದರೆ ಕೊಡುವ ಕೈ ಎಷ್ಟು ದೊಡ್ಡದಾದರೂ, ಪಡೆಯುವವರಿಗೆ ಏನು ಬೇಕು ಎಂದು ಕೇಳುವ ಕಿವಿಯೂ ಬೇಕಲ್ಲ. ಹದಿನಾರು ವರ್ಷ ಅವರು ಒಬ್ಬ ಮಹಾಪುರುಷನ ಮಾತಿಗೆ ಕಿವಿಗೊಟ್ಟಿದ್ದರು. ಆ ಅಭ್ಯಾಸ ಅವರಿಗೆ ಬಲವನ್ನೂ ಕೊಟ್ಟಿತು, ಒಂದು ಕಡೆ ಕಿವುಡನ್ನೂ ಕೊಟ್ಟಿತು.

ಈಗ ನಮ್ಮ ಬೀದಿಗೆ ಆಶಾ ಕಾರ್ಯಕರ್ತೆ ಬರುತ್ತಾಳೆ. ಕೈಯಲ್ಲಿ ದಪ್ಪನೆಯ ದಾಖಲೆ ಪುಸ್ತಕ, ಹೆಗಲಲ್ಲಿ ಚೀಲ. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮಗುವಿಗೆ ಯಾವ ಸೂಜಿ ಬಾಕಿ ಎಂದು ಬರೆದುಕೊಳ್ಳುತ್ತಾಳೆ. ಗಾರ್ಮೆಂಟ್ಸಿನ ಹುಡುಗಿಯೊಬ್ಬಳು ಮೊನ್ನೆ ಅವಳನ್ನು ಬಾಗಿಲಲ್ಲೇ ತಡೆದು, "ಅಕ್ಕಾ, ಆಪರೇಷನ್ ಅಂತ ನನ್ನನ್ನೇ ಯಾವಾಗಲೂ ಕೇಳ್ತೀರಲ್ಲ, ಭಾನುವಾರ ಬನ್ನಿ, ನಮ್ಮೋರು ಮನೇಲಿರ್ತಾರೆ, ಅವರನ್ನೂ ಕೇಳಿ" ಎಂದಳು. ಆಶಾ ಒಂದು ಕ್ಷಣ ಪೆನ್ನು ಎತ್ತಿಕೊಂಡು ನಿಂತಳು. ಆಮೇಲೆ ಪುಸ್ತಕದ ಅಂಚಿನಲ್ಲಿ "ಭಾನುವಾರ" ಎಂದು ಬರೆದುಕೊಂಡು ಮುಂದಿನ ಮನೆಗೆ ಹೋದಳು.